ಮೀನಿಲ್ಲದ ದಿನದ ಪುಟ

ಹೊನ್ನಾವರದಿಂದ ಶರಾವತಿ ಸೇತುವೆ ದಾಟಿ ದಕ್ಷಿಣಕ್ಕೆ ಹೊರಟರೆ ಮೊದಲು ಸಿಗುವ ಊರು ಕಾಸರಕೋಡ. ಕೇರಳದ ಕಾಸರಗೋಡು ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ಆಚೆ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಮಾತ್ರ ಆ ದೂರವೆಲ್ಲ ಕರಗಿ ಒಂದು 'ಕೆ'ಗೂ ಒಂದು 'ಜಿ'ಗೂ ಇರುವ ವ್ಯತ್ಯಾಸಕ್ಕೆ ಬಂದು ನಿಲ್ಲುತ್ತದೆ. ಹೋಮ್‌ಸ್ಟೇ ಹುಡುಕುವ ಪ್ರವಾಸಿ ಅವಸರದಲ್ಲಿ ಒಂದು ಅಕ್ಷರ ತಪ್ಪಿ ಒತ್ತಿದನೆಂದರೆ ಪರದೆಯ ಮೇಲೆ ಬರುವುದು ಬೇರೆ ರಾಜ್ಯದ ರೂಮು. ಹೆಸರಿನ ಪಕ್ಕದಲ್ಲಿ 'ಹೊನ್ನಾವರ ತಾಲೂಕು' ಎಂಬ ಎರಡು ಪದ ಕಾಣಿಸಿದ್ದರೆ ಅವನು ಅಲ್ಲೇ ಎಚ್ಚೆತ್ತುಕೊಳ್ಳುತ್ತಿದ್ದ. ಆ ಎರಡು ಪದವನ್ನು ಎಲ್ಲಿ ಇಡಬೇಕು, ಯಾವ ಹೊತ್ತಿಗೆ ತೋರಿಸಬೇಕು, ಎಷ್ಟು ದಪ್ಪಕ್ಕೆ ಬರೆಯಬೇಕು ಎಂದು ಯೋಚಿಸುವ ಕೆಲಸಕ್ಕೆ ಇಂಟರ್‌ಫೇಸ್ ವಿನ್ಯಾಸ ಎಂದು ಹೆಸರು. ಬಣ್ಣ ಬಳಿಯುವುದು ಆಮೇಲೆ.

ಕುಮಟಾ, ಹೊನ್ನಾವರ, ಭಟ್ಕಳದ ಕಾಲೇಜು ಹುಡುಗರು ಈ ಕೆಲಸ ಕಲಿಯಬೇಕೆಂದು ಬಂದಾಗ ಮೊದಲು ಕೇಳುವುದು ಯಾವ ಸಾಫ್ಟ್‌ವೇರ್, ಯಾವ ಕೋರ್ಸ್ ಎಂದು. ಅದನ್ನು ಕೊನೆಗೆ ಹೇಳುತ್ತೇನೆ, ಅದೂ ನಾಲ್ಕೇ ಸಾಲಿನಲ್ಲಿ. ಮೊದಲು ಮೀನುಪೇಟೆಗೆ ಹೋಗಿ ಬರೋಣ.

ಬಸ್ ನಿಲ್ದಾಣದ ಗೋಡೆಗೆ ಪೇಂಟಿನಲ್ಲಿ ಬರೆದ ವೇಳಾಪಟ್ಟಿ ನೋಡಿದ್ದೀರಿ. ಬಸ್ಸು ಬಂದರೂ ಬಾರದಿದ್ದರೂ ಅದು ಹೇಳುವುದು ಒಂದನ್ನೇ. ಹಳೆಯ ಕಾಲದ ವೆಬ್‌ಸೈಟುಗಳು ಇದೇ ಜಾತಿಯವು. 1991ರಲ್ಲಿ ಟಿಮ್ ಬರ್ನರ್ಸ್-ಲೀ ಸರ್ನ್ ಸಂಸ್ಥೆಯಲ್ಲಿ ಹೊರತಂದ ಮೊದಲ ವೆಬ್‌ಸೈಟು ಕೂಡ ಬರೆದಿಟ್ಟ ಪುಟಗಳ ಕಟ್ಟು. 1995ರಲ್ಲಿ ಜಾವಾಸ್ಕ್ರಿಪ್ಟ್ ಬಂತು. ಪುಟವನ್ನು ಮತ್ತೆ ತೆರೆಯದೆಯೇ ಅದರೊಳಗಿನ ಒಂದು ತುಂಡನ್ನಷ್ಟೇ ಬದಲಿಸುವ ತಂತ್ರ ಅಲ್ಲಲ್ಲಿ ಬಳಕೆಯಲ್ಲಿತ್ತು. 2005ರಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಅದಕ್ಕೆ 'ಏಜಾಕ್ಸ್' ಎಂದು ಹೆಸರಿಟ್ಟ ಮೇಲೆ ಎಲ್ಲರೂ ಅದನ್ನೇ ಹಿಡಿದರು. ಅಲ್ಲಿಂದೀಚೆಗೆ ಪುಟವೆಂದರೆ ಗೋಡೆಯ ಬರಹ ಹೋಗಿ ಮೀನು ಮಾರುವ ಹೆಂಗಸಿನ ಬುಟ್ಟಿಯಾಯಿತು. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ನಿಮಗೆ ಒಂದು, ಪಕ್ಕದ ಮನೆಯವರಿಗೆ ಇನ್ನೊಂದು.

ಆ ಹೆಂಗಸಿನ ಕೆಲಸವನ್ನು ಹತ್ತು ನಿಮಿಷ ನಿಂತು ನೋಡಿ. ಒಳ್ಳೆಯ ಮೀನು ಬುಟ್ಟಿಯ ಮೇಲ್ಗಡೆ ಇರುತ್ತದೆ. ಬೆಲೆ ಕೇಳುವ ಮೊದಲೇ ಹೇಳುತ್ತಾಳೆ. ನೀವು ವಾರಕ್ಕೊಮ್ಮೆ ಒಯ್ಯುವುದು ಯಾವುದೆಂದು ಅವಳಿಗೆ ನೆನಪಿದೆ. ನೀವು ಕೇಳಿದ್ದು ಇಲ್ಲದಿದ್ದರೆ ಸುಮ್ಮನೆ ತಲೆಯಾಡಿಸಿ ಕಳಿಸುವುದಿಲ್ಲ. "ಇವತ್ತ್ ಬಂಗಡೆ ಇಲ್ರಾ, ತಾರ್ಲೆ ತಕಳಿ, ತಾಜಾ ಇತ್ತು" ಎನ್ನುತ್ತಾಳೆ. ದೊಡ್ಡ ದೊಡ್ಡ ಅಂಗಡಿಗಳ ವೆಬ್‌ಸೈಟುಗಳು ಈ ಒಂದು ಮಾತು ಕಲಿಯಲು ಎಷ್ಟೋ ವರ್ಷ ತೆಗೆದುಕೊಂಡವು. ಕೆಲವು ಇನ್ನೂ ಕಲಿತಿಲ್ಲ.

ಅಭ್ಯಾಸಕ್ಕೆ ಒಂದು ಸಣ್ಣ ಕೆಲಸ ಇಟ್ಟುಕೊಳ್ಳಿ: ಕಾಸರಕೋಡದ ಮೀನುಗಾರರ ಊರು ಟೊಂಕದಲ್ಲಿ ಇವತ್ತು ಯಾವ ಮೀನು ಬಂದಿದೆ, ಏನು ದರ ಎಂದು ಹೇಳುವ ಒಂದೇ ಒಂದು ಪುಟ. ಕಂಪ್ಯೂಟರ್ ಮುಟ್ಟುವ ಮೊದಲು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೀನಿನ ಹೆಸರು, ಕಿಲೋ ದರ, ದರ ಬರೆದ ಹೊತ್ತು, ಎಷ್ಟು ಉಳಿದಿದೆ, ಯಾರ ಹತ್ತಿರ ಕೇಳಬೇಕು. ಐದು ಕಾಲಂ ಸಾಕು. ಈಗ ಆ ಪಟ್ಟಿಗೆ ಪ್ರಶ್ನೆ ಹಾಕಿ. ಒಂದೇ ಮೀನು ಬಂದ ದಿನ ಪುಟ ಹೇಗಿರುತ್ತದೆ? ಮೂವತ್ತು ಬಗೆ ಬಂದ ದಿನ? ಹೆಸರು ಇದೆ, ದರ ಇನ್ನೂ ಕುದುರಿಲ್ಲ ಎಂಬ ಹೊತ್ತಿನಲ್ಲಿ? ಮಾಹಿತಿ ಇನ್ನೂ ಬರುತ್ತಿರುವಾಗ? ನೆಟ್‌ವರ್ಕ್ ಕೈಕೊಟ್ಟಾಗ? ಬೆಳಿಗ್ಗೆ ಏಳರ ದರ ಹನ್ನೊಂದಕ್ಕೂ ಹಾಗೇ ಕೂತಿದ್ದಾಗ?

ನಾನು ಮೊದಲ ಬಾರಿ ಇಂಥದೊಂದು ಪುಟ ಮಾಡಿದ್ದು ಮಾರ್ಚಿನಲ್ಲಿ. ಮೂರು ಚಂದದ ಮೀನಿನ ಫೋಟೊ, ಅದರ ಕೆಳಗೆ ದರ, ಹಿನ್ನೆಲೆಗೆ ಸಮುದ್ರದ ನೀಲಿ. ಕಂಡವರೆಲ್ಲ ಹೊಗಳಿದರು. ಜೂನ್ ಬಂತು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ ಅದು. ನನ್ನ ಪುಟದಲ್ಲಿ ನೀಲಿ ಬಣ್ಣ ಉಳಿಯಿತು, ಬೇರೇನೂ ಉಳಿಯಲಿಲ್ಲ. ಸೈಟು ಕೆಟ್ಟಿದೆಯೋ, ಮೀನು ಇಲ್ಲವೋ, ತನ್ನ ಫೋನೇ ಸರಿಯಿಲ್ಲವೋ ಎಂದು ನೋಡುವವನಿಗೆ ತಿಳಿಯುವ ದಾರಿಯೇ ಇರಲಿಲ್ಲ. ವರ್ಷದ ಆರರಲ್ಲೊಂದು ಪಾಲು ಕಾಣಬೇಕಾದ ಪುಟವನ್ನು ನಾನು ಯೋಚಿಸಿಯೇ ಇರಲಿಲ್ಲ.

ಬದಲಾಗುವ ವೆಬ್‌ಸೈಟಿನ ವಿನ್ಯಾಸ ಕಲಿಯುವವರು ಮೊದಲು ಬಿಡಿಸಬೇಕಾದದ್ದು ಈ ಖಾಲಿ ಪುಟವನ್ನು. 'ಮಾಹಿತಿ ಲಭ್ಯವಿಲ್ಲ' ಎಂದು ಬರೆದು ಕೈತೊಳೆದುಕೊಂಡರೆ ಅದು ಸರ್ಕಾರಿ ಕಚೇರಿಯ ಕಿಟಕಿ ಮುಚ್ಚಿದ ಹಾಗೆ. 'ಮೀನುಗಾರಿಕೆ ನಿಷೇಧ ಜುಲೈ 31ರವರೆಗೆ ಇದೆ. ನಾಡದೋಣಿಯವರು ತಂದ ಮೀನು ಸಿಕ್ಕ ದಿನ ಇಲ್ಲಿ ಕಾಣಿಸುತ್ತೇವೆ. ಒಣಮೀನು ಇದೆ, ನೋಡಿ' ಎಂದರೆ ಕಾರಣ, ಗಡುವು, ಮುಂದಿನ ಹೆಜ್ಜೆ ಮೂರೂ ಸಿಕ್ಕಿದವು. ಸಾಂಪ್ರದಾಯಿಕ ನಾಡದೋಣಿಗಳಿಗೆ ನಿಷೇಧದಿಂದ ವಿನಾಯಿತಿ ಇರುವುದರಿಂದ ಪಟ್ಟಿ ಪೂರ್ತಿ ಬರಿದಾಗುವುದೂ ಇಲ್ಲ ಎಂಬುದನ್ನು ಗಮನಿಸಿ. ಮಳೆಗಾಲದ ಒಂದು ಮಧ್ಯಾಹ್ನ ಒಂದೇ ಸಾಲು ಬಂದರೆ ಅದಕ್ಕೂ ಮರ್ಯಾದೆ ಕೊಡುವಂತೆ ಪುಟ ಇರಬೇಕು. ಇದೇ ಲೆಕ್ಕ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾಗೆ ಕರೆದೊಯ್ಯುವವರಿಗೂ ಬರುತ್ತದೆ, ಮಳೆ ಬಂದರೆ ಜಾಗ ಬದಲಾಗುವ ಯಕ್ಷಗಾನದ ಬಯಲಾಟಕ್ಕೂ ಬರುತ್ತದೆ. ಸ್ಕೂಬಾ ಬುಕಿಂಗಿನ ಕ್ಯಾಲೆಂಡರಿನಲ್ಲಿ ಬರೀ ಬೂದು ಬಣ್ಣದ ಚೌಕಗಳನ್ನು ಕಂಡವನಿಗೆ ಸೀಟು ತುಂಬಿದೆಯೋ ಸಮುದ್ರ ಸಿಟ್ಟಾಗಿದೆಯೋ ಗೊತ್ತಾಗಬೇಡವೇ?

ಹೊತ್ತನ್ನು ಬರೆಯುವುದು ಇನ್ನೊಂದು ಮುಖ್ಯ ಸಂಗತಿ. ಬದಲಾಗುವ ಯಾವ ಅಂಕಿಯ ಪಕ್ಕದಲ್ಲೂ ಅದು ಯಾವಾಗಿನದು ಎಂಬ ಸಣ್ಣ ಸಾಲು ಇರಲಿ: 'ಬೆಳಿಗ್ಗೆ 7.20ರ ದರ'. ಇಷ್ಟರಿಂದ ಜಗಳಗಳು ಅರ್ಧ ಕಡಿಮೆಯಾಗುತ್ತವೆ. ದಿನಾಂಕವನ್ನು ಅಂಕಿಯಲ್ಲಿ ಹಾಕಿ ಮುಗಿಸಬೇಡಿ. 05/06 ಎಂದರೆ ನಮಗೆ ಜೂನ್ 5, ಅಮೆರಿಕದಿಂದ ರಜೆಗೆ ಬರುವ ನಮ್ಮದೇ ಹುಡುಗರಿಗೆ ಮೇ 6. ತಿಂಗಳ ಹೆಸರು ಬರೆದರೆ ಯಾರಿಗೂ ತೊಂದರೆಯಿಲ್ಲ.

ಇನ್ನು ಹುಡುಕುವ ಪೆಟ್ಟಿಗೆ. ಮಂಗಳೂರಿನವರು ಭೂತಾಯಿ ಎನ್ನುವ ಮೀನನ್ನು ಕುಂದಾಪುರದ ಕಡೆ ಬೈಗೆ ಎನ್ನುತ್ತಾರೆ, ಕೊಂಕಣಿಯಲ್ಲಿ ತಾರ್ಲೆ. ಮಂಗಳೂರಿನ ಅಂಜಲ್ ಇಲ್ಲಿ ಇಸೋಣ, ಕಾರವಾರ ದಾಟಿದರೆ ಸುರ್ಮಯಿ. ಸಿಗಡಿ ಎಂದರೆ ಪುಸ್ತಕದ ಮಾತು, ಇಲ್ಲಿ ಶೆಟ್ಲಿ, ತುಳುವಿನಲ್ಲಿ ಎಟ್ಟಿ. ಮಾಹಿತಿ ಸಂಗ್ರಹದಲ್ಲಿ ಒಂದು ಮೀನಿಗೆ ಒಂದೇ ಹೆಸರಿನ ಜಾಗ ಇಟ್ಟಿರೋ, ಗಿರಾಕಿ ಅಂಜಲ್ ಎಂದು ಬರೆದ, ನೀವು ಇಲ್ಲ ಎಂದಿರಿ, ಇಸೋಣ ಬುಟ್ಟಿಯಲ್ಲೇ ಉಳಿಯಿತು. ಒಂದು ಮೀನಿಗೆ ಹಲವು ಹೆಸರು ಸೇರಿಸಲು ಆಗುವಂತೆ ಪಟ್ಟಿ ಮಾಡಿ, ಯಾವ ಹೆಸರಿನಿಂದ ಹುಡುಕಿದರೂ ಸಿಗಲಿ, ಹುಡುಕಿದವನ ಹೆಸರನ್ನೇ ದೊಡ್ಡದಾಗಿ ತೋರಿಸಿ. ಕಾಸರಕೋಡ, ಕಾಸರಕೋಡು ಎರಡನ್ನೂ ಒಪ್ಪಿಕೊಳ್ಳಿ. ಪಕ್ಕದಲ್ಲಿ ತಾಲೂಕಿನ ಹೆಸರು ಮಾತ್ರ ಮರೆಯಬೇಡಿ.

ಕನ್ನಡದಲ್ಲಿ ಪುಟ ಕಟ್ಟುವಾಗ ಕಾಡುವ ಸಂಗತಿಗಳನ್ನು ಇಂಗ್ಲಿಷ್ ಪಾಠಗಳು ಹೇಳಿಕೊಡುವುದಿಲ್ಲ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಇಂಗ್ಲಿಷ್ ಅಕ್ಷರಗಳು ಗೆರೆಯ ಮೇಲೆ ಸಾಲಾಗಿ ಕೂರುತ್ತವೆ. ನಮ್ಮ ಒತ್ತಕ್ಷರ ಗೆರೆಯ ಕೆಳಗೆ ಇಳಿಯುತ್ತದೆ, ಗುಡಿಸು ಮೇಲಕ್ಕೆ ಏರುತ್ತದೆ. ಇಂಗ್ಲಿಷಿಗೆಂದು ಅಳೆದ ಬಟನ್ನಿನೊಳಗೆ 'ಹೊನ್ನಾವರ' ಹಾಕಿದರೆ 'ನ್ನಾ'ದ ಒತ್ತು ಕತ್ತರಿಸಿ ಹೋಗುತ್ತದೆ. ಬಟನ್ನಿಗೆ ಎತ್ತರ ನಿಗದಿ ಮಾಡಬೇಡಿ, ಒಳಗಿನ ಅಕ್ಷರದ ಸುತ್ತ ಜಾಗ ಬಿಡಿ, ಎತ್ತರ ತಾನೇ ಬರಲಿ. ಸಾಲುಗಳ ನಡುವಿನ ಅಂತರ ಇಂಗ್ಲಿಷಿಗೆ ಅಕ್ಷರದ ಒಂದೂವರೆ ಪಟ್ಟು ಸಾಕಾದರೆ ಕನ್ನಡಕ್ಕೆ 1.7 ಅಥವಾ 1.8 ಇಡಿ ಎನ್ನುವುದು ನನ್ನ ಅನುಭವ. ಸಣ್ಣ ಅಳತೆಯಲ್ಲಿ ದಪ್ಪ ಅಕ್ಷರ ಬಳಸಿದರೆ 'ಥ'ದ ಹೊಟ್ಟೆಯೊಳಗಿನ ಚುಕ್ಕೆ ಮುಚ್ಚಿ ಅದು 'ಧ'ದಂತೆಯೇ ಕಾಣುತ್ತದೆ. ಓರೆ ಅಕ್ಷರದ ಗೊಡವೆ ಬೇಡವೇ ಬೇಡ, ಕನ್ನಡಕ್ಕೆ ಅದು ಗಾಳಿಗೆ ವಾಲಿದ ತೆಂಗಿನಮರದಂತೆ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಟಿರೊ ಕನ್ನಡ ಮುಂತಾದ ಫಾಂಟುಗಳು ಈಗ ಉಚಿತವಾಗಿ ಸಿಗುತ್ತವೆ. ದರಪಟ್ಟಿಗೆ ಮೊದಲ ಎರಡು ಚೆನ್ನ, ತಲೆಬರಹಕ್ಕೆ ಬಾಲೂ ತಮ್ಮ.

ಕಣ್ಣಿಗೆ ಕಾಣದ ಇನ್ನೊಂದು ತೊಡಕು ಎಣಿಕೆಯದು. 'ಸ್ತ್ರೀ' ನಮಗೆ ಒಂದಕ್ಷರ, ಯುನಿಕೋಡ್ ಲೆಕ್ಕದಲ್ಲಿ ಆರು. 'ಹೊನ್ನಾವರ' ನಮಗೆ ನಾಲ್ಕು, ಅದಕ್ಕೆ ಎಂಟು. ಅರ್ಜಿಯಲ್ಲಿ 'ಹೆಸರು 20 ಅಕ್ಷರ ಮೀರಬಾರದು' ಎಂದು ಮಿತಿ ಹಾಕಿದರೆ ಕನ್ನಡದ ಹೆಸರು ಅರ್ಧದಲ್ಲೇ ನಿಂತುಬಿಡುತ್ತದೆ. ಎಸ್‌ಎಂಎಸ್‌ನಲ್ಲೂ ಹಾಗೇ. ಇಂಗ್ಲಿಷಿನಲ್ಲಿ ಒಂದಕ್ಕೆ 160 ಸಂಕೇತ ಹಿಡಿದರೆ ಕನ್ನಡದಲ್ಲಿ 70ಕ್ಕೆ ಮುಗಿಯಿತು. 'ನಿಮ್ಮ ಬುಕಿಂಗ್ ಆಗಿದೆ' ಎಂಬ ಸಂದೇಶ ಬರೆಯುವ ಮೊದಲು ಇದು ಗೊತ್ತಿರಲಿ. 'ಕೋ' ಎಂಬ ಒಂದೇ ಕಾಗುಣಿತ ಒಳಗೊಳಗೆ ಎರಡು ಬಗೆಯಾಗಿ ಉಳಿಯಬಹುದು. ಕೆಲವರು ಸೊನ್ನೆಯ ಬದಲು ಅಂಕಿಯ ಶೂನ್ಯವನ್ನು ಒತ್ತುತ್ತಾರೆ. ಕಣ್ಣಿಗೆ ಎಲ್ಲ ಒಂದೇ, ಹುಡುಕುವ ಯಂತ್ರಕ್ಕೆ ಬೇರೆ ಬೇರೆ. ಬರಹವನ್ನು ಉಳಿಸುವಾಗಲೂ ಹುಡುಕುವಾಗಲೂ ಒಂದೇ ಯುನಿಕೋಡ್ ರೂಪಕ್ಕೆ ತಂದುಕೊಳ್ಳುವ ಕ್ರಮ ಜಾವಾಸ್ಕ್ರಿಪ್ಟಿನಲ್ಲೇ ಇದೆ, ಒಂದು ಸಾಲಿನ ಕೆಲಸ; ಆ ಶೂನ್ಯವನ್ನು ಮಾತ್ರ ನೀವೇ ಸೊನ್ನೆಗೆ ಬದಲಿಸಬೇಕು. ಮೊಬೈಲ್ ನಂಬರನ್ನು ಯಾರಾದರೂ ಕನ್ನಡ ಅಂಕಿಯಲ್ಲಿ ಬರೆದರೆ ಬೈಯಬೇಡಿ, ನೀವೇ ಬದಲಿಸಿಕೊಳ್ಳಿ.

ಸಂಘ-ಸಂಸ್ಥೆಗಳ ಸೈಟು ಮಾಡಿಕೊಡಲು ಹೊರಟರೆ ಅವರು ಕೈಗಿಡುವುದು ಹಳೆಯ 'ಬರಹ' ಅಥವಾ 'ನುಡಿ' ತಂತ್ರಾಂಶದ ಕಡತ. ಯುನಿಕೋಡ್ ಪಟ್ಟಿಯಲ್ಲಿ ಕನ್ನಡ 1991ರಿಂದಲೇ ಇದ್ದರೂ ನಮ್ಮ ಕಂಪ್ಯೂಟರುಗಳಲ್ಲಿ ಅದು ನೆಲೆಯೂರಿದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಪ್ರತಿ ಸೈಟಿಗೂ ತನ್ನದೇ ಫಾಂಟು, ಅದನ್ನು ಇಳಿಸಿಕೊಳ್ಳದವರಿಗೆ ಕಾಣುತ್ತಿದ್ದುದು ಗೊಂಬೆ ಚಿಹ್ನೆಗಳು. ಆ ಕಡತಗಳನ್ನು ಹಾಗೇ ಅಂಟಿಸದೆ ಪರಿವರ್ತಕಕ್ಕೆ ಹಾಕಿ, ಆಮೇಲೆ ಸಾಲುಸಾಲಾಗಿ ಓದಿ. ಅರ್ಕಾವತ್ತು ಹೆಚ್ಚಾಗಿ ಜಾಗ ತಪ್ಪುತ್ತದೆ. ಪುಟದ ಎಚ್‌ಟಿಎಂಎಲ್‌ನಲ್ಲಿ ಭಾಷೆ ಕನ್ನಡ ಎಂದು ನಮೂದಿಸುವುದನ್ನು ಮರೆತರೆ ಕಣ್ಣು ಕಾಣದವರ ಓದುಯಂತ್ರ ಕನ್ನಡವನ್ನು ಗುರುತಿಸದೆ ತೊದಲುತ್ತದೆ. ಭಟ್ಕಳದವರಿಗೆ ಇನ್ನೊಂದು ಮಾತು. ಉರ್ದು ಅಥವಾ ಆ ಲಿಪಿಯ ನವಾಯತಿ ಪುಟ ಮಾಡುವಾಗ ಅಕ್ಷರ ಮಾತ್ರ ಬಲದಿಂದ ಎಡಕ್ಕೆ ಹರಿದರೆ ಸಾಲದು. ಬಾಣದ ಗುರುತು, ಪಟ್ಟಿಯ ಕಾಲಂ, ಹಿಂದೆ-ಮುಂದೆ ಬಟನ್ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗಬೇಕು.

ಕೊಂಕಣ ರೈಲಿನಲ್ಲಿ ಕೂತು ರೂಮು ಬುಕ್ ಮಾಡುವ ಪ್ರವಾಸಿಯನ್ನು ನೆನೆದುಕೊಳ್ಳಿ. ಹಣ ಕಟ್ಟುವ ಬಟನ್ ಒತ್ತಿದ, ರೈಲು ಸುರಂಗದೊಳಗೆ ಹೋಯಿತು. ಪರದೆ ಸುಮ್ಮನಿದೆ. ಅವನು ಏನು ಮಾಡುತ್ತಾನೆ? ಮತ್ತೊಮ್ಮೆ ಒತ್ತುತ್ತಾನೆ. ಸುರಂಗದಿಂದ ಹೊರಬಿದ್ದಾಗ ಎರಡು ರೂಮು, ಎರಡು ಸಲ ಹಣ. ಒತ್ತಿದ ಕ್ಷಣವೇ ಬಟನ್ 'ಕಳಿಸುತ್ತಿದೆ...' ಎಂದು ಬದಲಾಗಬೇಕು, ಎರಡನೇ ಒತ್ತಿಗೆ ಸ್ಪಂದಿಸಬಾರದು. ಸರ್ವರಿನಲ್ಲೂ ಒಂದೇ ಕೋರಿಕೆ ಎರಡು ಸಲ ಬಂದರೆ ಒಂದೆಂದೇ ಎಣಿಸುವ ಏರ್ಪಾಡು ಇರಬೇಕು. ಮನುಷ್ಯನ ತಾಳ್ಮೆಯ ಅಳತೆಯನ್ನು ಬಳಕೆ-ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 1993ರಲ್ಲೇ ಬರೆದಿಟ್ಟಿದ್ದಾರೆ. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಉತ್ತರ ಬಂದರೆ ತಕ್ಷಣ ಆಯಿತು ಅನಿಸುತ್ತದೆ, ಒಂದು ಸೆಕೆಂಡಿನವರೆಗೆ ಯೋಚನೆಯ ಎಳೆ ಕಡಿಯುವುದಿಲ್ಲ, ಹತ್ತು ಸೆಕೆಂಡು ಮೀರಿದರೆ ಗಮನ ಬೇರೆ ಕಡೆ. ಆ ಹತ್ತು ಸೆಕೆಂಡಿನೊಳಗೆ ಏನು ನಡೆಯುತ್ತಿದೆ ಎಂದು ಹೇಳುತ್ತಲೇ ಇರಿ.

ಅರ್ಜಿಯ ತಪ್ಪುಗಳ ವಿಷಯದಲ್ಲಿ ನನಗೆ ಸ್ವಂತ ಸಿಟ್ಟೊಂದಿದೆ. ಹೆಸರು ಹೇಳದ ಒಂದು ಟಿಕೆಟ್ ಸೈಟಿನಲ್ಲಿ ನಾಲ್ಕು ಜನರ ವಿವರ ತುಂಬಿ ಮುಗಿಸಿದ್ದೆ, ಕೊನೆಯವರ ವಯಸ್ಸು ಬಿಟ್ಟುಹೋಗಿತ್ತು. 'ಅಮಾನ್ಯ ಮಾಹಿತಿ' ಎಂದು ಕೆಂಪು ಅಕ್ಷರ ಬಂತು, ಪುಟ ಪೂರ್ತಿ ಅಳಿಸಿಹೋಯಿತು. ನಾನು ಬಸ್ಸಿನಲ್ಲಿ ಹೋದೆ. ತುಂಬಿದ್ದನ್ನು ಯಾವ ಕಾರಣಕ್ಕೂ ಅಳಿಸಬೇಡಿ. ತಪ್ಪು ಆದ ಜಾಗದ ಕೆಳಗೇ ಹೇಳಿ: 'ಮೊಬೈಲ್ ಸಂಖ್ಯೆಗೆ 10 ಅಂಕಿ ಬೇಕು, ಇಲ್ಲಿ 9 ಇವೆ'. ಹೆಸರಿಗೆ ಒಂದೇ ಪೆಟ್ಟಿಗೆ ಕೊಡಿ. ಅಡ್ಡಹೆಸರು ಕಡ್ಡಾಯ ಎಂದರೆ ಇನಿಷಿಯಲ್ ಒಂದನ್ನೇ ಇಟ್ಟುಕೊಂಡವರು ಚುಕ್ಕೆ ಇಟ್ಟು ಮುಂದೆ ಹೋಗುತ್ತಾರೆ, ನಿಮ್ಮ ಪಟ್ಟಿಯ ತುಂಬ ಚುಕ್ಕೆ.

ಕಾಸರಕೋಡದ ಕಡಲತೀರಕ್ಕೆ 2020ರ ಅಕ್ಟೋಬರಿನಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಬಂತು. ಆ ಸಲ ದೇಶದ ಎಂಟು ತೀರಗಳಿಗೆ ಸಿಕ್ಕಿದ್ದು, ಕರ್ನಾಟಕದಲ್ಲಿ ಇದಕ್ಕೂ ಉಡುಪಿ ಜಿಲ್ಲೆಯ ಪಡುಬಿದ್ರಿಗೂ. 1985ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಈ ಮನ್ನಣೆಗೆ 33 ಮಾನದಂಡಗಳಿವೆ, ನೀರಿನ ಗುಣಮಟ್ಟದ ವಿವರವನ್ನು ಜನರಿಗೆ ಕಾಣುವಂತೆ ಹಾಕಿರಬೇಕು ಎಂಬುದೂ ಅವುಗಳಲ್ಲಿ ಒಂದು. ವಿನ್ಯಾಸ ಕಲಿಯುವವರು ಇಲ್ಲಿ ಒಂದು ಮಧ್ಯಾಹ್ನ ಕಳೆಯಬೇಕು ಎನ್ನುವುದಕ್ಕೆ ನನಗಿರುವ ಕಾರಣ ಬೇರೆ. ರೂಮಿನಲ್ಲಿ ಕೂತು ಮಾಡಿದ ಪುಟವನ್ನು ಹನ್ನೆರಡು ಗಂಟೆಯ ಬಿಸಿಲಲ್ಲಿ ಮರಳ ಮೇಲೆ ನಿಂತು ತೆರೆಯಿರಿ. ಬಿಳಿಯ ಮೇಲೆ ತೆಳು ಬೂದಿಯಲ್ಲಿ ಬರೆದದ್ದೆಲ್ಲ ಮಾಯ. ಬರಹಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕೆಂಬ ಅಂತರರಾಷ್ಟ್ರೀಯ ನಿಯಮ ಯಾಕಿದೆ ಎಂದು ಆಗ ತಿಳಿಯುತ್ತದೆ. ಒದ್ದೆ ಬೆರಳಲ್ಲಿ ಒತ್ತಿ ನೋಡಿ. ಒತ್ತುವ ಜಾಗ 24 ಪಿಕ್ಸೆಲಿಗಿಂತ ಕಡಿಮೆ ಇರಬಾರದು ಎಂದು 2023ರ ನಿಯಮ ಹೇಳುತ್ತದೆ, ಕರಾವಳಿಗೆ ನಾನು 48 ಎನ್ನುತ್ತೇನೆ. ಕಡಲಿಗೆ ಇಳಿಯಬಾರದು ಎನ್ನಲು ಕೆಂಪು ಬಾವುಟ ಹಾರಿಸುತ್ತಾರಲ್ಲ, ಪುಟದಲ್ಲಿ ಅದೇ ಕೆಂಪನ್ನು ಬಳಸುವಾಗ ಪಕ್ಕದಲ್ಲಿ 'ಇಳಿಯಬೇಡಿ' ಎಂದು ಬರೆಯಿರಿ. ಕೆಂಪು-ಹಸಿರು ಬೇರೆಯಾಗಿ ಕಾಣದ ಗಂಡಸರು ಪ್ರತಿ ಊರಿನಲ್ಲೂ ಇದ್ದಾರೆ, ಹಲವರಿಗೆ ತಮಗೆ ಹಾಗಿದೆ ಎಂಬುದೇ ಗೊತ್ತಿರುವುದಿಲ್ಲ.

ಈಗ ಸಾಫ್ಟ್‌ವೇರಿನ ನಾಲ್ಕು ಸಾಲು. ಚಿತ್ರ ಬಿಡಿಸಲು ಫಿಗ್ಮಾ ಅಥವಾ ಮುಕ್ತ ತಂತ್ರಾಂಶದ ಪೆನ್‌ಪಾಟ್, ಎರಡಕ್ಕೂ ದುಡ್ಡಿಲ್ಲದೆ ಕಲಿಯುವಷ್ಟು ಜಾಗವಿದೆ. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಇದೇ ಕ್ರಮದಲ್ಲಿ ಕಲಿಯಿರಿ. ಮೊಜಿಲ್ಲಾದ ಎಂಡಿಎನ್ ಮತ್ತು ಫ್ರೀಕೋಡ್‌ಕ್ಯಾಂಪ್ ಎರಡೂ ಪೂರ್ತಿ ಉಚಿತ. ರಿಯಾಕ್ಟ್‌ನಂಥ ಜಾವಾಸ್ಕ್ರಿಪ್ಟ್ ಲೈಬ್ರರಿಗಳನ್ನು ಆರು ತಿಂಗಳು ಮುಂದಕ್ಕೆ ಹಾಕಿ. ಬ್ರೌಸರಿನ ಡೆವಲಪರ್ ಉಪಕರಣದಲ್ಲಿ ನೆಟ್‌ವರ್ಕನ್ನು ಬೇಕೆಂದೇ ನಿಧಾನ ಮಾಡುವ ಸೌಲಭ್ಯವಿದೆ, ದಿನಕ್ಕೊಮ್ಮೆ ಅದನ್ನು ಒತ್ತಿ ನಿಮ್ಮ ಪುಟ ನೋಡಿ. ಸಾವಿರಾರು ರೂಪಾಯಿಯ ಕೋರ್ಸಿಗೆ ಸೇರುವ ಮೊದಲು ಇಷ್ಟು ಮಾಡಿದರೆ ಸೇರುವ ಅಗತ್ಯವೇ ಬೀಳದಿರಬಹುದು.

ಪುಟ ಸಿದ್ಧವಾದ ಮೇಲೆ ಐದು ಜನರ ಕೈಗೆ ಕೊಡಿ. ಐವರು ಸಾಕು ಎಂದು 2000ದಲ್ಲಿ ವಾದಿಸಿದವರೂ ನೀಲ್ಸನ್ನೇ. ಮುಖ್ಯ ತೊಡಕುಗಳಲ್ಲಿ ಹೆಚ್ಚಿನವು ಅಷ್ಟರಲ್ಲಿ ಬಯಲಾಗುತ್ತವೆ, ಸರಿಪಡಿಸಿ ಇನ್ನೈವರಿಗೆ ಕೊಡಬಹುದು. ಐವರೂ ನಿಮ್ಮ ಕಾಲೇಜಿನ ಗೆಳೆಯರಾದರೆ ಕೊಟ್ಟೂ ಕೊಡದ ಹಾಗೆ. ಒಬ್ಬ ಆಟೊದವರು, ಒಬ್ಬ ಚಿಕ್ಕಮ್ಮ, ಬೆಂಗಳೂರಿನ ಒಬ್ಬ ಪ್ರವಾಸಿ, ಓದಲು ಕನ್ನಡಕ ಬೇಕಾದ ಒಬ್ಬರು, ಮತ್ತು ಆ ಮೀನು ಮಾರುವ ಹೆಂಗಸು. 'ಹೇಗಿದೆ' ಎಂದು ಕೇಳಬೇಡಿ, ಚೆನ್ನಾಗಿದೆ ಎನ್ನುತ್ತಾರೆ. 'ಇವತ್ತು ಇಸೋಣ ಎಷ್ಟಕ್ಕಿದೆ ನೋಡಿ ಹೇಳಿ' ಎಂದು ಫೋನು ಕೊಟ್ಟು ಬಾಯಿ ಮುಚ್ಚಿಕೊಂಡು ಕೂತುಕೊಳ್ಳಿ. ಬೆರಳು ಎಲ್ಲಿ ಅನುಮಾನಿಸುತ್ತದೆ ಎಂದು ನೋಡಿ ಬರೆದುಕೊಳ್ಳಿ. ನಡುವೆ ಸಹಾಯ ಮಾಡಬೇಕೆನಿಸುತ್ತದೆ, ಮಾಡಬೇಡಿ. ನಾಳೆ ಆ ಪುಟ ತೆರೆಯುವವನ ಪಕ್ಕದಲ್ಲಿ ನೀವು ಇರುವುದಿಲ್ಲ.

ದೋಣಿಗಳು ದಡ ಸೇರುವುದು ಮೇ ಕೊನೆಗೆ. ಅದಕ್ಕೆ ಮೊದಲು ಒಂದು ಸಂಜೆ ನಿಮ್ಮ ಪುಟ ತೆರೆದು ಪಟ್ಟಿಯಲ್ಲಿರುವ ಮೀನುಗಳನ್ನೆಲ್ಲ ಅಳಿಸಿ, ಏನು ಉಳಿಯಿತು ಎಂದು ನೋಡಿ. ತಿದ್ದುವುದನ್ನು ಅಲ್ಲಿಂದಲೇ ಶುರುಮಾಡಿ.